ನಾನು ಊದಿದ ಉಸಿರು

ನನ್ನ ಗಂಡ ಹೋದದ್ದು ಪ್ಲೇಗಿನಲ್ಲಿ. ನಂಜನಗೂಡಿನ ಮನೆಗಳಲ್ಲಿ ಮೊದಲ ಸಲ ಇಲಿ ಬಿದ್ದ ವರ್ಷ ಅದು. ಜನ ಬೀದಿಗೆ ಬೀದಿಯೇ ಖಾಲಿ ಮಾಡಿ ಊರಾಚೆ ಗುಡಿಸಲು ಹಾಕಿಕೊಂಡಿದ್ದರು. ನನ್ನವರು ಗುಡಿಸಲಿನಲ್ಲೇ ಪ್ರಾಣ ಬಿಟ್ಟರು, ಅದೇ ಗುಡಿಸಲ ಮುಂದೆ ನನ್ನ ತಲೆ ಬೋಳಿಸಿದರು. ನನಗಾಗ ಇಪ್ಪತ್ತು ತುಂಬಿರಲಿಲ್ಲ. ದೇವಸ್ಥಾನದ ಪಾಕಶಾಲೆಯನ್ನು ನಂಬಿ ಬದುಕಿದ ಮನೆತನ ನಮ್ಮದು. ಮಗಳು ಹೀಗೆ ಹಿಂತಿರುಗಿ ಬಂದಳಲ್ಲ ಎಂದು ತಂದೆ ಅತ್ತರು. ಅತ್ತು ಮುಗಿದ ಮೇಲೆ ಹಿತ್ತಲ ಕಡೆಯ ಕೋಣೆಯನ್ನು ತೋರಿಸಿದರು.

ಅಣ್ಣ ಸ್ಕೂಲು ಮೇಷ್ಟರು. ಮೈಸೂರಿನಲ್ಲಿ ಸರ್ಕಾರದವರು ಹೆಂಗಸರಿಗೆ ಹೆರಿಗೆ ಕೆಲಸ ಕಲಿಸುತ್ತಾರೆ, ಕಲಿತವರನ್ನು ತಾಲ್ಲೂಕುಗಳಿಗೆ ಕಳಿಸುತ್ತಾರೆ ಎಂದು ಅವನು ಎಲ್ಲೋ ತಿಳಿದುಕೊಂಡು ಬಂದ. ತಂದೆ ಅವನೊಂದಿಗೆ ಮಾತು ಬಿಟ್ಟರು. ನಾನು ರೈಲು ಹತ್ತಿದೆ. ಕಲಿತು ಕೆಲಸಕ್ಕೆ ಸೇರಿದ ಮೇಲೆ ರಜೆಗೆಂದು ಮನೆಗೆ ಹೋದರೆ ಅಮ್ಮ ನನ್ನ ಎಲೆಯನ್ನು ಹಿತ್ತಲ ಕಟ್ಟೆಯ ಮೇಲೆ ಹಾಕುತ್ತಿದ್ದಳು. ಯಾವ ಯಾವ ಜಾತಿಯ ರಕ್ತ ಮುಟ್ಟಿದ ಕೈಯೋ ಎಂದು. ಒಂದು ಸಲ ಅತ್ತಿಗೆಗೆ ಹೆರಿಗೆ ಕಟ್ಟಿಕೊಂಡಿತು. ಆಗ ಅಮ್ಮನೇ ಓಡಿ ಬಂದು ನನ್ನನ್ನು ಒಳಗೆ ಎಳೆದುಕೊಂಡು ಹೋದಳು. ಮಗು ಉಳಿಯಿತು, ಅತ್ತಿಗೆ ಉಳಿದಳು. ಕೋಣೆಯನ್ನು ಸಾರಿಸಿದರು, ನಾನು ಕೂತ ಮಣೆಯನ್ನು ತೊಳೆದು ಬಿಸಿಲಿಗಿಟ್ಟರು. ಮಾರನೆಯ ದಿನ ನನ್ನ ಎಲೆ ಮತ್ತೆ ಕಟ್ಟೆಯ ಮೇಲೆಯೇ ಇತ್ತು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಡೆದದ್ದರಲ್ಲಿ ನಾನು ಬಹಳ ಧೈರ್ಯಸ್ಥೆಯೆಂದು ಯಾರಾದರೂ ತಿಳಿದುಕೊಳ್ಳಬಹುದು. ಹಾಗೇನಿಲ್ಲ. ಕಳೆದುಕೊಳ್ಳುವುದಕ್ಕೆ ನನ್ನ ಹತ್ತಿರ ಹೆಚ್ಚೇನೂ ಉಳಿದಿರಲಿಲ್ಲ, ಅಷ್ಟೆ.

ನನ್ನನ್ನು ತಿರುಮಕೂಡಲು ನರಸೀಪುರಕ್ಕೆ ಹಾಕಿದರು. ಸರ್ಕಾರಿ ಔಷಧಾಲಯವೆಂದರೆ ಹೆಂಚಿನ ಒಂದು ಕಟ್ಟಡ, ಮುಂದೆ ಬೇವಿನ ಮರ, ಹಿಂದೆ ಹೆಣ ಕೊಯ್ಯಲು ತಗಡಿನ ಒಂದು ಕೊಟ್ಟಿಗೆ. ಡಾಕ್ಟರು ನಡುವಯಸ್ಸಿನವರು, ನಸ್ಯದ ಚಟ, ಮಾತು ಕಡಮೆ. ರೋಗಿಯ ಕಾಯಿಲೆಯ ವಿಷಯವನ್ನು ಬಾಗಿಲಾಚೆ ಮಾತನಾಡಿದರೆ ಕಾಂಪೌಂಡರಿಗೂ ಬೈಯುತ್ತಿದ್ದರು. ನನ್ನನ್ನು ಅವರು "ಅಮ್ಮ" ಎಂದು ಕರೆಯುತ್ತಿದ್ದರು. ಊರಿನವರಿಗೆ ನಾನು "ಆಸ್ಪತ್ರೆ ಅಮ್ಮ". ಮೊದಮೊದಲು ನನ್ನ ಬೋಳು ತಲೆ ಕಂಡು ಬಸುರಿಯರು ಮುಖ ತಿರುಗಿಸುತ್ತಿದ್ದರು, ಅಪಶಕುನವೆಂದು. ನೋವು ಜೋರಾದ ಮೇಲೆ ಯಾರೂ ಶಕುನ ನೋಡುವುದಿಲ್ಲ.

ಮೂರನೆಯ ವರ್ಷ, ಕಬ್ಬು ಅರೆಯುವ ಕಾಲದಲ್ಲಿ, ಬನ್ನೂರು ಕಡೆಯ ಒಂದು ಹಳ್ಳಿಯಿಂದ ಕಮಾನು ಗಾಡಿ ಬಂತು. ಗಾಡಿಯಲ್ಲಿ ಒಬ್ಬಳೇ ಒಬ್ಬ ಮುದುಕಿ. ಗದ್ದೆ ತೋಟ ಬೇಕಾದಷ್ಟಿದ್ದ ಒಕ್ಕಲು ಮನೆಯ ಯಜಮಾನಿ. ಸೊಸೆಗೆ ಹೊಟ್ಟೆನೋವು, ಬಂದು ನೋಡಬೇಕು ಎಂದಳು. ಎಂಥ ಹೊಟ್ಟೆನೋವು ಎಂದು ಕೇಳಿದೆ. ನನ್ನ ಪೆಟ್ಟಿಗೆಯನ್ನು ತಾನೇ ಎತ್ತಿ ಗಾಡಿಯಲ್ಲಿಟ್ಟಳು.

ಗಾಡಿ ಊರೊಳಕ್ಕೆ ಹೋಗಲಿಲ್ಲ. ನಾಲೆಯ ಏರಿಯ ಮೇಲೆ ಹೋಗಿ ಕಬ್ಬಿನ ಗದ್ದೆಗಳ ನಡುವಿನ ಆಲೆಮನೆಯ ಹಿಂದೆ ನಿಂತಿತು. ಮಧ್ಯಾಹ್ನದ ಹೊತ್ತು. ಗಾಣ ಕಿರುಗುಟ್ಟುತ್ತಿತ್ತು, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ವಾಸನೆ. ಬೆಲ್ಲದ ಅಚ್ಚು ಜೋಡಿಸಿಡುವ ಒಳಕೋಣೆಯಲ್ಲಿ, ಗೋಣಿತಟ್ಟಿನ ಮೇಲೆ ಅವಳು ಮಲಗಿದ್ದಳು. ಇಪ್ಪತ್ತೈದರ ಆಚೀಚೆ ವಯಸ್ಸು. ಕೊರಳಲ್ಲಿ ತಾಳಿ ಇರಲಿಲ್ಲ, ಕೈಯಲ್ಲಿ ಬಳೆ ಇರಲಿಲ್ಲ. ಹಿಂದಿನ ದಿನದಿಂದ ನೋವು ತಿನ್ನುತ್ತಿದ್ದಳು. ಕೂಗಬಾರದೆಂದು ಬಾಯಿಗೆ ಸೆರಗಿನ ಉಂಡೆ ತುರುಕಿದ್ದರು. ಅದನ್ನು ನಾನು ಕಿತ್ತು ಬಿಸಾಡಿದೆ. ಮುದುಕಿ ಮತ್ತೆ ತೆಗೆದುಕೊಂಡು ಬಂದಳು.

ಗಂಡ ಸತ್ತು ಮೂರು ವರ್ಷವಾಗಿತ್ತಂತೆ. ಆರು ವರ್ಷದ ಒಬ್ಬಳು ಮಗಳಿದ್ದಳು. ಬಸಿರು ಕಾಣುವ ಹೊತ್ತಿಗೆ ಸೊಸೆ ತವರಿಗೆ ಹೋಗಿದ್ದಾಳೆಂದು ಊರಲ್ಲಿ ಹೇಳಿ, ಅವಳನ್ನು ಈ ಕೋಣೆಯಲ್ಲಿ ಇಟ್ಟಿದ್ದರು. ಹೊಟ್ಟೆಯಲ್ಲಿದ್ದದ್ದು ಯಾರದೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಗಾಣದ ಹತ್ತಿರ ನಿಂತಿದ್ದ ಮೈದುನ ಒಂದು ಸಲವೂ ಈ ಕಡೆ ತಿರುಗಿ ನೋಡಲಿಲ್ಲ.

ಮಗು ಹುಟ್ಟುವ ಹೊತ್ತಿಗೆ ತಡವಾಗಿ ಹೋಗಿತ್ತು. ತುಂಬಿದ ತಿಂಗಳ ಗಂಡುಮಗು. ಬಟ್ಟೆಯ ಹಾಗೆ ಜೋತು ಬಿದ್ದಿತ್ತು, ಎದೆಯಲ್ಲಿ ಬಡಿತವಿರಲಿಲ್ಲ. ಮೈಸೂರಿನಲ್ಲಿ ಕಲಿಸಿದ್ದಂತೆ ಬಾಯೊಳಗಿನ ಲೋಳೆ ತೆಗೆದೆ, ಬೆನ್ನು ತಿಕ್ಕಿದೆ, ಬಿಸಿನೀರಿಗೂ ತಣ್ಣೀರಿಗೂ ಅದ್ದಿದೆ. ಕೊನೆಗೆ ಅದರ ಬಾಯಿಗೆ ಬಾಯಿಟ್ಟು ಊದಿದೆ. ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಏಳುತ್ತಿದ್ದದ್ದು ನನ್ನ ಉಸಿರಿನಿಂದ. ನಾನು ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ನನಗೆ ತಲೆ ಸುತ್ತು ಬರುವ ತನಕ ಊದಿದೆ.

"ಬುಟ್ಬುಡಿ ಅಮ್ಮಾವ್ರೆ," ಅಂದಳು ಮುದುಕಿ. "ನಂಜುಂಡಪ್ಪ ಕಣ್ಣು ಬುಟ್ಟವ್ನೆ."

ಅವಳ ದನಿಯಲ್ಲಿದ್ದ ನೆಮ್ಮದಿಯನ್ನು ಕೇಳಿ ನನ್ನ ಮೈ ಉರಿಯಿತು. ಹೊಕ್ಕುಳ ಬಳ್ಳಿಯನ್ನು ಆಸ್ಪತ್ರೆಯ ದಾರದಲ್ಲಿ ಕಟ್ಟಿ ಕತ್ತರಿಸಿದೆ. ಹೂಳುವುದನ್ನು ತಾವು ನೋಡಿಕೊಳ್ಳುತ್ತೇವೆಂದು ಮುದುಕಿ ಮಗುವನ್ನು ತೆಗೆದುಕೊಂಡಳು. ಯಾರಿಗೂ ಹೇಳುವುದಿಲ್ಲವೆಂದು ನನ್ನಿಂದ ಆಣೆ ಮಾಡಿಸಲು ನೋಡಿದಳು. ರೋಗಿಯ ವಿಷಯ ಬಾಯಿ ಬಿಡುವುದು ನಮ್ಮ ಕೆಲಸದಲ್ಲೇ ಇಲ್ಲ, ಅದಕ್ಕೆ ದೇವರು ಬೇಕಾಗಿಲ್ಲ ಎಂದೆ. ಸೊಸೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಮಗುವನ್ನು ನೋಡುತ್ತೀಯಾ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದಳು.

ಅವರು ಹೂಳಿರಲಿಲ್ಲ. ಆಳಿನ ಕೈಗೆ ಕೊಟ್ಟು ನಾಲೆಗೆ ಹಾಕಿಸಿದ್ದರು. ನಾಲ್ಕೈದು ದಿನದಲ್ಲಿ ಕೆಳಗಿನ ತೂಬಿನ ಹತ್ತಿರ ಅದು ಸಿಕ್ಕಿಕೊಂಡಿತು. ಪಟೇಲ ಠಾಣೆಗೆ ತಿಳಿಸಿದ, ದಫೇದಾರ ಅದನ್ನು ಮಂಕರಿ ಬುಟ್ಟಿಯಲ್ಲಿ ಹಾಕಿಸಿ ನಮ್ಮ ಔಷಧಾಲಯಕ್ಕೆ ತಂದ.

ಡಾಕ್ಟರು ತಗಡಿನ ಕೊಟ್ಟಿಗೆಯಲ್ಲಿ ಕೊಯ್ದರು. ಶಿಶು ಸತ್ತು ಹುಟ್ಟಿತೋ, ಹುಟ್ಟಿ ಸತ್ತಿತೋ ಎಂಬುದನ್ನು ತಿಳಿಯಲು ಆಗ ಒಂದು ಪರೀಕ್ಷೆಯಿತ್ತು. ಶ್ವಾಸಕೋಶವನ್ನು ತೆಗೆದು ನೀರಿನ ಪಾತ್ರೆಗೆ ಹಾಕುವುದು. ಮುಳುಗಿದರೆ ಮಗು ಉಸಿರಾಡಲೇ ಇಲ್ಲ; ತೇಲಿದರೆ ಉಸಿರಾಡಿದೆ, ಅಂದರೆ ಬದುಕಿತ್ತು. ಬದುಕಿದ್ದ ಮಗು ನಾಲೆಯಲ್ಲಿ ಸಿಕ್ಕಿದರೆ ಅದು ಕೊಲೆ. ಕಾಂಪೌಂಡರು ಹೊರಗೆ ಬಂದು ಕೈ ತೊಳೆದುಕೊಳ್ಳುತ್ತಾ, ತೇಲಿತು ಎಂದ.

ಅದು ಯಾವ ಮಗು ಎಂದು ನನಗೆ ಗೊತ್ತಿತ್ತು. ಡಾಕ್ಟರಿಗೂ ನನ್ನ ಮೇಲೆ ಅನುಮಾನ ಬಂದಿತ್ತು. ಸಂಜೆ ರೋಗಿಗಳೆಲ್ಲ ಹೋದ ಮೇಲೆ ಬೇವಿನ ಮರದಡಿ ಕರೆದು ಕೂಡಿಸಿಕೊಂಡರು. ಹಳ್ಳಿಯ ಸೂಲಗಿತ್ತಿಯರು ಹೊಕ್ಕುಳ ಬಳ್ಳಿಗೆ ಹಾಗೆ ಗಂಟು ಹಾಕುವುದಿಲ್ಲ, ದಾರವೂ ನಮ್ಮದೇ ಎಂದರು. ಸ್ವಲ್ಪ ಹೊತ್ತು ನಸ್ಯದ ಡಬ್ಬಿಯನ್ನು ತಿರುಗಿಸುತ್ತಾ ಕೂತಿದ್ದರು.

"ನೋಡಿ ಅಮ್ಮ, ನೀವು ಹೇಳಿದರೆ ನನಗೆ ಗೊತ್ತಾಗುತ್ತೆ. ಗೊತ್ತಾದ ಮೇಲೆ ಕೋರ್ಟಿನಲ್ಲಿ ಕೇಳಿದರೆ ಗೊತ್ತಿಲ್ಲ ಅನ್ನೋದಕ್ಕಾಗಲ್ಲ. ಯೋಚನೆ ಮಾಡಿ ಹೇಳಿ."

ನಾನು ಹೇಳಿದೆ, ಊದಿದ್ದನ್ನೂ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡರು. ಹಾಗಾದರೆ ಈ ಪರೀಕ್ಷೆಗೆ ಅರ್ಥವೇ ಇಲ್ಲ, ಹೊರಗಿನಿಂದ ಗಾಳಿ ತುಂಬಿದರೂ ತೇಲುತ್ತದೆ, ಕೊಳೆತರೂ ತೇಲುತ್ತದೆ ಎಂದರು. ಆದರೆ ತೇಲಿದ್ದನ್ನು ತೇಲಿತೆಂದೇ ಬರೆದಾಗಿತ್ತು. ಅದು ಸುಳ್ಳೂ ಆಗಿರಲಿಲ್ಲ. ಹೆತ್ತವಳ ಹೆಸರು ಕೇಳಲಿಲ್ಲ. ನಾನು ಹೇಳಲೂ ಇಲ್ಲ. ವಕೀಲನಿಗೆ ಕಕ್ಷಿಗಾರ ಹೇಳಿದ ಗುಟ್ಟನ್ನು ಕಾಯಲು ಕಾನೂನಿದೆಯಂತೆ, ವೈದ್ಯನಿಗೆ ಇಲ್ಲವಂತೆ. ಇದನ್ನು ಹೇಳುವಾಗ ಅವರು ಸಣ್ಣಗೆ ನಕ್ಕರು.

ಎರಡು ದಿನ ಬಿಟ್ಟು ಇನ್‌ಸ್ಪೆಕ್ಟರು ಬಂದ. ಮಗು ಸಿಕ್ಕ ತೂಬಿನ ಮೇಲಿನ ಹಳ್ಳಿಯ ವಿಧವೆಯರನ್ನೆಲ್ಲ, ಗಂಡನನ್ನು ಬಿಟ್ಟವರನ್ನೆಲ್ಲ ಪರೀಕ್ಷೆ ಮಾಡಬೇಕು, ಮಿಡ್‌ವೈಫನ್ನು ಕಳಿಸಿಕೊಡಿ ಎಂದ. ಹೆಂಗಸರು ಒಪ್ಪಿದರೆ ಮಾತ್ರ ಎಂದು ಡಾಕ್ಟರು ಹೇಳಿದರು. ಒಪ್ಪದವರು ತಪ್ಪಿತಸ್ಥರೆಂದು ತಾನೇ ಅರ್ಥ, ಒಪ್ಪುತ್ತಾರೆ ಎಂದು ಅವನು ನಕ್ಕ.

ನನ್ನನ್ನು ಪೊಲೀಸರ ಗಾಡಿಯಲ್ಲೇ ಕರೆದುಕೊಂಡು ಹೋದರು. ಹಳ್ಳಿಯ ಚಾವಡಿಯ ಮುಂದೆ ಹೆಂಗಸರನ್ನು ಬಿಸಿಲಿನಲ್ಲಿ ಸಾಲಾಗಿ ಕೂರಿಸಿದ್ದರು. ಎದುರುಗಡೆ ಅರಳಿಕಟ್ಟೆಯ ಮೇಲೆ ಊರಿನ ಗಂಡಸರು, ಎಲೆ ಅಡಿಕೆ ಹಾಕಿಕೊಂಡು. ಒಬ್ಬೊಬ್ಬ ಹೆಂಗಸು ಎದ್ದಾಗಲೂ ಯಾರೋ ಏನೋ ಅನ್ನುತ್ತಿದ್ದರು, ನಗು ಏಳುತ್ತಿತ್ತು. ಒಪ್ಪಿಗೆಯಿದೆಯಾ ಎಂದು ನಾನು ಮೊದಲನೆಯವಳನ್ನು ಕೇಳಿದೆ. ಅವಳು ಪಟೇಲನ ಮುಖ ನೋಡಿದಳು. ಹೀಗಾದರೆ ನಾನು ಮುಟ್ಟುವುದಿಲ್ಲ ಎಂದೆ. ಇನ್‌ಸ್ಪೆಕ್ಟರು ನನ್ನ ತಲೆಯನ್ನೂ ಬಿಳಿ ಸೀರೆಯನ್ನೂ ನೋಡಿ, ಈ ಅಮ್ಮನನ್ನೂ ಸಾಲಿನಲ್ಲಿ ಕೂರಿಸಬೇಕಾಗುತ್ತೆ ಎಂದ. ಅರಳಿಕಟ್ಟೆ ಪೂರ್ತಿ ನಕ್ಕಿತು.

ಪಕ್ಕದ ಊರಿನಿಂದ ಒಬ್ಬ ಮುದುಕಿ ಸೂಲಗಿತ್ತಿಯನ್ನು ಕರೆಸಿದರು. ಪೊಲೀಸರೆಂದರೆ ಅವಳು ನಡುಗುತ್ತಿದ್ದಳು, ಹೇಳಿದ್ದನ್ನು ಮಾಡಿದಳು. ಚಾವಡಿಯ ಹಿಂದಿನ ಕೋಣೆಗೆ ಬಾಗಿಲಿರಲಿಲ್ಲ, ಕಂಬಳಿ ಇಳಿಬಿಟ್ಟಿದ್ದರು. ನಾನು ಜಗಲಿಯ ಮೇಲೆ ಕೂತಿದ್ದೆ. ಒಳಗೆ ಹೋದವರು ಸೆರಗನ್ನು ಕಣ್ಣಿಗೆ ಒತ್ತಿಕೊಂಡು ಹೊರಗೆ ಬರುತ್ತಿದ್ದರು. ಅವರಲ್ಲಿ ಒಬ್ಬಳು ನನ್ನ ತಾಯಿಯ ವಯಸ್ಸಿನವಳು, ಅವಳನ್ನೂ ಬಿಡಲಿಲ್ಲ.

ನಮ್ಮವಳು ಸಾಲಿನ ಕೊನೆಯಲ್ಲಿದ್ದಳು. ತವರಿನಿಂದ ಬಂದಳೆಂದು ಹೇಳಿ ಅವಳನ್ನು ಮನೆಗೆ ತಂದಿದ್ದರು. ನನ್ನನ್ನು ನೋಡಿದಳು, ನೋಡದವಳಂತೆ ತಲೆ ತಗ್ಗಿಸಿದಳು. ಪರೀಕ್ಷೆಗೆ ಹೋಗುವ ಅಗತ್ಯವೇ ಬೀಳಲಿಲ್ಲ. ಕುಡಿಯಲು ಮಗುವಿಲ್ಲದ ಎದೆಯಲ್ಲಿ ಹಾಲು ಕಟ್ಟಿತ್ತು. ಎದ್ದು ನಿಂತಾಗ ಸೀರೆ ನೆನೆದು ಅಂಟಿಕೊಂಡಿತ್ತು. ಅರಳಿಕಟ್ಟೆಯ ಮೇಲಿನ ಗಂಡಸರೆಲ್ಲ ಅದನ್ನು ಕಂಡರು. ಯಾರೂ ನಗಲಿಲ್ಲ. ಮೈದುನ ಮೊದಲು ಎದ್ದು ಹೋದ.

ಅತ್ತೆ ಚಾವಡಿಯ ಮುಂದೆಯೇ ಮಣ್ಣು ತೂರಿ, ಮನೆ ಹಾಳು ಮಾಡಿದಳೆಂದು ಶಾಪ ಹಾಕಿದಳು. ತನಗೇನೂ ಗೊತ್ತೇ ಇರಲಿಲ್ಲ ಎಂದಳು. ನನ್ನ ಕಣ್ಣನ್ನು ನೋಡುತ್ತಲೇ ಹಾಗೆಂದಳು.

ಸೊಸೆಯನ್ನು ಹಿಡಿದುಕೊಂಡು ಹೋದರು. ಠಾಣೆಯಲ್ಲಿ ಅವಳಿಗೆ ಜ್ವರ ಬಂತು. ಎದೆ ಕೀವಾಯಿತು. ಪೊಲೀಸ್ ಪಹರೆಯಲ್ಲಿ ನಮ್ಮಲ್ಲಿಗೆ ತಂದು ಹಾಕಿದರು. ಕಾಲಿಗೆ ಬೇಡಿ ಹಾಕಿ ಮಂಚಕ್ಕೆ ಬಿಗಿದಿದ್ದರು. ಜ್ವರದವಳು ಎಲ್ಲಿಗೆ ಓಡುತ್ತಾಳೆ ಎಂದು ಡಾಕ್ಟರು ಕೇಳಿದರು, ಹುಕುಂ ಹಾಗಿದೆ ಎಂದ ಪೇದೆ. ಡಾಕ್ಟರು ಎದೆಯ ಕುರುವನ್ನು ಕೊಯ್ದಾಗ ನಾನು ಅವಳ ಕೈ ಹಿಡಿದುಕೊಂಡಿದ್ದೆ. ಆಲೆಮನೆಯಲ್ಲಿ ಹೇಗೋ ಹಾಗೆಯೇ ಇಲ್ಲೂ ಕೂಗಲಿಲ್ಲ. ಅದು ರೂಢಿಯಾಗಿ ಹೋಗಿತ್ತು ಅವಳಿಗೆ.

ಜ್ವರ ಇಳಿದ ಮೇಲೆ, ಪೇದೆ ಊಟಕ್ಕೆ ಹೋದ ಹೊತ್ತು, ಅವಳ ಪಕ್ಕ ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ. ಮಗು ಬದುಕಿತ್ತೆಂದು ಸರ್ಕಾರ ಹೇಳುತ್ತದೆ, ಅದು ನನ್ನ ಉಸಿರೆಂದು ನಾನು ಹೇಳದಿದ್ದರೆ ಗಲ್ಲು, ಇಲ್ಲವೇ ಜೀವವಿರುವ ತನಕ ಜೈಲು. ಹೇಳಲು ಅಪ್ಪಣೆ ಕೊಡು ಎಂದೆ.

"ಏಳ್ಬ್ಯಾಡಿ," ಅಂದಳು.

"ಯಾಕಮ್ಮ?"

"ನಾ ಎತ್ತೇ ಇಲ್ಲ ಅಂತೀನಿ. ಮನೆ ಎಸ್ರು ಎತ್ತದಿದ್ರೆ ಮಗಳ್ನ ಸಾಕ್ತೀನಿ ಅಂತ ನಮ್ಮತ್ತೆ ಮಾತು ಕೊಟ್ಟವ್ಳೆ. ನೀವು ಬಾಯಿ ಬುಟ್ರೆ ಎಲ್ಲಾ ಈಚಿಗ್ ಬತ್ತದೆ. ನನ್ ಮಗೀನ ಬೀದಿಗಾಕ್ತಾರೆ."

"ನೀನು ಸತ್ತರೆ?"

"ಸತ್ರೆ ಸಾಯ್ತೀನಿ. ಅವ್ಳು ಒಳಗಿರ್ತಾಳಲ್ಲ."

ಅವಳ ಮಾತನ್ನು ಡಾಕ್ಟರಿಗೆ ಹೇಳಿದೆ. ಗುಟ್ಟು ಅವಳದು, ಅವಳ ಅಪ್ಪಣೆಯಿಲ್ಲದೆ ಬಿಚ್ಚುವ ಹಕ್ಕು ನಮಗಿಲ್ಲ ಎಂದರು. ಬಿಚ್ಚದೆ ಅವಳನ್ನು ಸಾಯಲು ಬಿಡುವ ಹಕ್ಕು ಇದೆಯೇ ಎಂದು ಕೇಳಿದೆ. ಇದಕ್ಕೆ ತಾವು ಓದಿದ ಯಾವ ಪುಸ್ತಕದಲ್ಲೂ ಉತ್ತರವಿಲ್ಲ ಎಂದರು.

ಕೊಲೆಯ ಕೇಸು ಸೆಷನ್ಸ್ ಕೋರ್ಟಿಗೆ ಹೋಗುವ ಮುಂಚಿನ ವಿಚಾರಣೆ ನಡೆದದ್ದು ನಂಜನಗೂಡಿನಲ್ಲಿ, ಮ್ಯಾಜಿಸ್ಟ್ರೇಟರ ಕಚೇರಿಯಲ್ಲಿ. ಅದು ನಾನು ಹುಟ್ಟಿದ ಬೀದಿಯಿಂದ ಕೂಗಳತೆಯ ದೂರ. ಸಾಕ್ಷಿಯೆಂದು ನನಗೂ ಸಮನ್ಸು ಬಂದಿತ್ತು. ಚಾವಡಿಯ ಪರೀಕ್ಷೆಯ ದಿನ ಹಾಜರಿದ್ದೆನೆಂಬುದಷ್ಟೇ ಅವರಿಗೆ ಗೊತ್ತಿದ್ದದ್ದು. ಬಾಗಿಲ ಹತ್ತಿರ ಜನ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಕಪಿಲೆಯಲ್ಲಿ ಮಿಂದು ದೇವರ ದರ್ಶನ ಮಾಡಿದವರು ವಿಭೂತಿ ಹಚ್ಚಿಕೊಂಡ ಹಾಗೆಯೇ ನೋಡಲು ಬಂದಿದ್ದರು. ಹಿಂದೆ ಎಲ್ಲೋ ನನ್ನ ಅಣ್ಣನೂ ನಿಂತಿದ್ದ.

ಅವಳಿಗೆ ವಕೀಲನಿರಲಿಲ್ಲ. ಅತ್ತೆಯ ಮನೆಯವರು ಒಬ್ಬರನ್ನು ಹಿಡಿದಿದ್ದರು. ಆತ ಅವಳ ಪರವಾಗಿ ಅಲ್ಲ, ಮನೆಯ ಹೆಸರು ಬಂದರೆ ಅಡ್ಡ ಬರಲೆಂದು.

ಡಾಕ್ಟರನ್ನು ಕಟಕಟೆಗೆ ಕರೆದರು. ಶ್ವಾಸಕೋಶ ತೇಲಿತೇ ಎಂದು ಕೇಳಿದರು. ತೇಲಿತು ಎಂದರು. ಉಸಿರಾಡದ ಮಗುವಿನದು ಮುಳುಗುವುದಲ್ಲವೇ? ಸಾಮಾನ್ಯವಾಗಿ ಹೌದು. ಅಲ್ಲಿಗೆ ಮ್ಯಾಜಿಸ್ಟ್ರೇಟರು ಸಾಕು ಎಂದರು. ಡಾಕ್ಟರು ಇಳಿಯಲಿಲ್ಲ. ಕೊಳೆತಿದ್ದರೆ ತೇಲಬಹುದು, ಸತ್ತು ಹುಟ್ಟಿದ ಮಗುವಿಗೆ ಯಾರಾದರೂ ಬಾಯಿಂದ ಗಾಳಿ ಊದಿದ್ದರೂ ತೇಲಬಹುದು, ಈ ಒಂದನ್ನೇ ನಂಬಿ ಒಬ್ಬರ ಪ್ರಾಣ ತೆಗೆಯಬಾರದು ಎಂದರು.

"ಊದಿದರು ಅನ್ನುವುದಕ್ಕೆ ಸಾಕ್ಷಿ ಇದೆಯೇನು?" ಎಂದರು ಮ್ಯಾಜಿಸ್ಟ್ರೇಟರು.

ತಾವು ಕಣ್ಣಾರೆ ಕಂಡದ್ದಲ್ಲ ಎಂದಷ್ಟೇ ಡಾಕ್ಟರು ಹೇಳಿದರು. ನನ್ನ ಕಡೆ ನೋಡಲೂ ಇಲ್ಲ. ಬಹಳ ವರ್ಷಗಳ ಮೇಲೆ ಈ ಮಾತು ಬಂದಾಗ, ನಿಮ್ಮನ್ನು ನಾನು ಎಳೆದು ಹಾಕಬಾರದಿತ್ತು, ಬರುವುದಿದ್ದರೆ ನೀವಾಗಿ ಬರಬೇಕಿತ್ತು ಎಂದರು. ನಾನು ಅದನ್ನು ಒಪ್ಪುತ್ತೇನೆ. ಒಪ್ಪಿದರೂ, ಆ ಕ್ಷಣದಲ್ಲಿ ನಾನು ಎಷ್ಟು ಒಂಟಿಯಾದೆನೆಂಬುದು ಅವರಿಗೆ ಗೊತ್ತಿರಲಾರದು.

ಅವಳು ನನ್ನನ್ನೇ ನೋಡುತ್ತಿದ್ದಳು. ತಲೆಯನ್ನು ಸ್ವಲ್ಪವೇ ಅಲ್ಲಾಡಿಸಿದಳು, ಬೇಡ ಎಂದು. ಮಂಚಕ್ಕೆ ಬಿಗಿದ ಆ ಕಾಲು, ಚಾವಡಿಯ ಬಿಸಿಲು, ಎಲ್ಲ ನನಗೆ ಒಟ್ಟಿಗೇ ನೆನಪಾಯಿತು. ಒಬ್ಬಳನ್ನು ಕೊಲ್ಲಲು ನನ್ನ ಉಸಿರೇ ಹಗ್ಗವಾಗುವುದನ್ನು ಕೂತು ನೋಡಲಾರೆ ಎನ್ನಿಸಿತು. ಎದ್ದೆ.

"ನಾನು ಊದಿದ್ದು, ಸ್ವಾಮಿ," ಎಂದೆ. "ಮಗು ಸತ್ತೇ ಹುಟ್ಟಿತ್ತು. ನಾನೇ ಹೆರಿಗೆ ಮಾಡಿಸಿದೆ."

ಕಚೇರಿಯಲ್ಲಿ ಗದ್ದಲವೆದ್ದಿತು. ನನ್ನನ್ನು ಕಟಕಟೆಗೆ ಹತ್ತಿಸಿ ಪ್ರಮಾಣ ಮಾಡಿಸಿದರು. ಎಲ್ಲಿ, ಯಾವಾಗ, ಯಾರು ಕರೆದದ್ದು ಎಂದು ಕೇಳಿದರು. ಅತ್ತೆ ಕರೆದಳು, ಮಗುವನ್ನು ಅವಳ ಕೈಗೆ ಕೊಟ್ಟೆ ಎಂದೆ. ಅವರ ವಕೀಲ ಎದ್ದು, ಇಷ್ಟು ದಿನ ಎಲ್ಲಿದ್ದೆ, ಬೋಳು ವಿಧವೆ ಇನ್ನೊಬ್ಬ ವಿಧವೆಯ ಬಸಿರು ಮುಚ್ಚಿದ್ದು ಸಹಜವೇ, ಇಂಥವು ಎಷ್ಟು ಮುಚ್ಚಿದ್ದೀಯೆ ಎಂದೆಲ್ಲ ಕೇಳಿದ. ಹಿಂದೆ ನಿಂತಿದ್ದ ಜನ ನಕ್ಕರು. ತಲೆಯೆತ್ತಿ ನೋಡಿದೆ. ಅಣ್ಣ ಇದ್ದ ಜಾಗ ಖಾಲಿಯಾಗಿತ್ತು.

ಅದು ನನ್ನ ಮೇಲಿನ ಪೆಟ್ಟು, ತಡೆದುಕೊಂಡೆ. ಮುಂದಿನದನ್ನು ನಾನು ಎಣಿಸಿರಲಿಲ್ಲ. ಮ್ಯಾಜಿಸ್ಟ್ರೇಟರು ಅವಳ ಕಡೆ ತಿರುಗಿ, ಈಗೇನು ಹೇಳುತ್ತೀಯೆ ಎಂದರು. ಅಷ್ಟು ದಿನ ಹೆತ್ತೇ ಇಲ್ಲವೆಂದಿದ್ದವಳು, ನಿಂತ ಕಡೆಯೇ ಹೊಸ ಸುಳ್ಳು ಕಟ್ಟಿದಳು. ಅತ್ತೆಗೆ ಏನೂ ಗೊತ್ತಿರಲಿಲ್ಲ. ಆಸ್ಪತ್ರೆ ಅಮ್ಮನನ್ನು ಕರೆಸಿದ್ದು ತಾನು. ಮಗುವನ್ನು ನಾಲೆಗೆ ಹಾಕಿದ್ದೂ ತಾನೇ. ಮನೆಯವರ ಯಾರ ಕೈಯೂ ಇದರಲ್ಲಿಲ್ಲ. ಯಾರ ಮಗು ಎಂದು ಕೇಳಿದ್ದಕ್ಕೆ, ದಾರಿಯಲ್ಲಿ ಹೋಗುವವನದು ಎಂದಳು. ಆ ಮಾತು ಕೇಳಿ ಬಾಗಿಲ ಹತ್ತಿರದ ಒಬ್ಬ ಉಗುಳಿದ. ಮೈದುನ ಕಂಬಕ್ಕೆ ಒರಗಿ ನಿಂತಿದ್ದ. ಅವನ ಮುಖದಲ್ಲಿ ಏನಾದರೂ ಕಾಣುತ್ತದೆಯೋ ಎಂದು ನೋಡಿದೆ. ಏನೂ ಕಾಣಲಿಲ್ಲ.

ಕೊಲೆಯ ಆಪಾದನೆ ಬಿದ್ದುಹೋಯಿತು. ಹೆರಿಗೆಯನ್ನು ಮುಚ್ಚಿಟ್ಟು ಹೆಣವನ್ನು ಗುಟ್ಟಾಗಿ ಸಾಗಿಸಿದ ಅಪರಾಧಕ್ಕೆ ಅವಳಿಗೆ ಒಂದು ವರ್ಷದ ಸಜೆಯಾಯಿತು. ಅವಳೇ ತಪ್ಪೊಪ್ಪಿಕೊಂಡಿದ್ದರಿಂದ ಅತ್ತೆಯನ್ನು ಯಾರೂ ಮುಟ್ಟಲಿಲ್ಲ. ಎಂದೂ ಮಗುವನ್ನು ಮುಟ್ಟಿ ನೋಡದಿದ್ದವಳು, ಅದನ್ನು ಎತ್ತಿ ಹಾಕಿದ್ದಕ್ಕೆ ಜೈಲಿಗೆ ಹೋದಳು.

ನನ್ನ ನೌಕರಿ ಆ ತಿಂಗಳೇ ಹೋಯಿತು. ಮೇಲಧಿಕಾರಿಗಳಿಗೆ ತಿಳಿಸದೆ ಹೊರಗೆ ಹೋಗಿ ಹೆರಿಗೆ ಮಾಡಿಸಿದ್ದು ಒಂದು, ಗೊತ್ತಿದ್ದೂ ಪೊಲೀಸರಿಗೆ ಹೇಳದೆ ಇದ್ದದ್ದು ಇನ್ನೊಂದು. ರೋಗಿಯ ಗುಟ್ಟನ್ನು ಕೋರ್ಟಿನಲ್ಲಿ ಬಿಚ್ಚಿದ್ದು ತಪ್ಪೆಂದು ಯಾರೂ ಹೇಳಲಿಲ್ಲ. ನನ್ನನ್ನು ಚುಚ್ಚುತ್ತಿದ್ದದ್ದು ಅದೊಂದೇ, ಅದಕ್ಕೆ ಶಿಕ್ಷೆಯಿರಲಿಲ್ಲ. ಡಾಕ್ಟರು ನನ್ನ ಪರವಾಗಿ ಮೈಸೂರಿಗೆ ಹೋಗಿ ಮಾತನಾಡಿ ಬಂದರು. ಅವರನ್ನು ಮಲೇರಿಯಾ ಸೀಮೆಗೆ ವರ್ಗ ಮಾಡಿದರು.

ತವರಿನಲ್ಲಿ ಹಿತ್ತಲ ಕೋಣೆಯೂ ಸಿಗಲಿಲ್ಲ. ನಂಜನಗೂಡಿನಲ್ಲೇ, ರೈಲ್ವೆ ಸ್ಟೇಷನ್ನಿನ ಕಡೆ ಒಂದು ಸಣ್ಣ ಮನೆ ಹಿಡಿದೆ. ಕೋರ್ಟಿನಲ್ಲಿ ಬಾಯಿ ಬಿಟ್ಟವಳೆಂದು ಒಂದಷ್ಟು ದಿನ ಯಾರೂ ಹೆರಿಗೆಗೆ ಕರೆಯಲಿಲ್ಲ. ಹೆರಿಗೆ ಕಷ್ಟವಾದಾಗ ಒಬ್ಬೊಬ್ಬರೇ ಹಿಂಬಾಗಿಲಿನಿಂದ ಬರತೊಡಗಿದರು.

ಅವಳು ಬಿಡುಗಡೆಯಾದದ್ದು ನನಗೆ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಅಂಗಳದಲ್ಲಿ ಬಂದು ನಿಂತಿದ್ದಳು. ಜೈಲಿನಲ್ಲಿ ಸೊರಗಿ ಗುರುತು ಸಿಗದ ಹಾಗಾಗಿದ್ದಳು. ಊರಿಗೆ ಹೋಗಿ ಬಂದಿದ್ದಳು. ಅತ್ತೆ ಹೊಸಿಲ ಒಳಗೆ ಕಾಲಿಡಿಸಲಿಲ್ಲ. ಮಾತು ಮುರಿದದ್ದು ನೀನು, ಮನೆ ಹೆಸರು ಕೋರ್ಟಿನಲ್ಲಿ ಬಂತಲ್ಲ ಎಂದಳಂತೆ. ಮಗಳು ಆ ಮನೆಯಲ್ಲಿರಲಿಲ್ಲ. ತಾಯಿ ಸತ್ತಳೆಂದು ಮಗುವಿಗೆ ಹೇಳಿ, ತಲಕಾಡಿನ ಆಚೆ ಯಾರೋ ದೂರದ ನೆಂಟರ ಮನೆಗೆ ದನ ಕಾಯಲು ಕೊಟ್ಟಿದ್ದರು.

ಒಳಗೆ ಬಾ ಎಂದೆ. ಬರಲಿಲ್ಲ. ನೀರು ಕೊಟ್ಟೆ, ಮುಟ್ಟಲಿಲ್ಲ.

"ನೀವು ಸುಮ್ಕಿದ್ದಿದ್ರೆ ನಾನೊಬ್ಳೇ ಸಾಯ್ತಿದ್ದೆ," ಅಂದಳು. "ನಾ ಬ್ಯಾಡ ಅಂದಿದ್ನಲ್ಲ. ನೀವ್ಯಾಕ್ ಕೇಳ್ನಿಲ್ಲ?"

"ನಿನ್ನನ್ನು ಸಾಯಲು ಬಿಡಬೇಕಾಗಿತ್ತೇನಮ್ಮ?"

"ನನ್ ಜೀವ ನಂದಲ್ವಾ ಅಮ್ಮಾವ್ರೆ."

ಅತ್ತೆ ಹೇಗಾದರೂ ಮಾತಿಗೆ ತಪ್ಪುತ್ತಿದ್ದಳು, ನೀನು ಸತ್ತ ಮಾರನೆಯ ದಿನವೇ ಮಗುವನ್ನು ಕಳಿಸುತ್ತಿದ್ದಳು ಎಂದು ಹೇಳಬಹುದಿತ್ತು. ಅದು ನಿಜವೆಂದು ನಾನು ಇವತ್ತಿಗೂ ನಂಬಿದ್ದೇನೆ. ಆದರೆ ಆ ನಂಬಿಕೆಯಿಂದ ಆಗ ಅವಳಿಗೆ ಆಗಬೇಕಾದ್ದು ಏನಿತ್ತು? ಅವಳು ಹೋದಳು.

ಅವಳ ಸುದ್ದಿ ಬಿಡಿಬಿಡಿಯಾಗಿ ಬರುತ್ತಿತ್ತು. ನಾಟಿಗೆ, ಕಳೆಗೆ ಗುಂಪಿನಲ್ಲಿ ಕೂಲಿ ಹೋಗುತ್ತಿದ್ದಾಳೆ, ತಲಕಾಡು ಕಡೆಗೇ ಹೆಚ್ಚಾಗಿ ಹೋಗುತ್ತಾಳೆ ಎಂದು. ಹನ್ನೆರಡು ವರ್ಷ ಕಳೆದ ಮೇಲೆ ಒಂದು ದಿನ ಕಾಲಿನಲ್ಲಿ ಮುಳ್ಳು ಮುರಿದು ಹುಣ್ಣಾಗಿ, ಬೇರೆ ದಾರಿ ಕಾಣದೆ ನನ್ನಲ್ಲಿಗೆ ಬಂದಳು. ಜಗಲಿಯ ಮೇಲೆ ಕೂರಿಸಿ ಹುಣ್ಣನ್ನು ಬಿಡಿಸಿ ತೊಳೆದೆ. ಮಾತನಾಡುತ್ತಾಳೆಂದು ನಾನು ಎಣಿಸಿರಲಿಲ್ಲ. ತಾನಾಗಿಯೇ ಆಡಿದಳು.

ಮಗಳಿಗೆ ಮದುವೆಯಾಗಿತ್ತು. ಅವಳ ಗಂಡನ ಮನೆಯ ಗದ್ದೆಗೆ ಇವಳು ಆ ವರ್ಷ ನಾಟಿಗೆ ಹೋಗಿದ್ದಳಂತೆ, ಗೊತ್ತಿದ್ದೇ. ಮಧ್ಯಾಹ್ನ ಮಗಳು ಆಳುಗಳಿಗೆ ಮುದ್ದೆ ಹೊತ್ತು ತಂದಳು. ಬದುವಿನ ಮೇಲೆ ಸಾಲಾಗಿ ಕೂತವರಿಗೆ ಬಡಿಸುತ್ತಾ ಬಂದು ಇವಳ ಮುಂದೆಯೂ ಬಗ್ಗಿದಳು.

"ಏನಂದಳು?" ಎಂದು ಕೇಳಿದೆ.

"ಕೈ ತೊಳ್ಕೊಂಡ್ಯಾ ಅಂದ್ಲು."

"ನೀನು ಹೇಳಲಿಲ್ವಾ, ಯಾರು ಅಂತ?"

"ಸತ್ತೋಳು ಎಂಗ್ ಏಳ್ತಾಳೆ? ಅತ್ತೆ ಮನೇಲಿ ಚೆನ್ನಾಗವ್ಳೆ. ಇಂಥೋಳ್ ಮಗಳು ಅಂದ್ರೆ ಅವತ್ತೇ ಈಚೆ ನೂಕ್ತಾರೆ."

ಮುದ್ದೆ ಉಂಡು, ಸಂಜೆಯವರೆಗೆ ನಾಟಿ ಮಾಡಿ, ಉಳಿದವರ ಜೊತೆ ಹಿಂತಿರುಗಿದಳಂತೆ. ಮಗಳ ಕೈಯಲ್ಲಿ ಒಂದು ಸುಟ್ಟ ಗಾಯದ ಗುರುತಿತ್ತು. ಅದು ಅಡುಗೆ ಮಾಡುವಾಗ ಆದದ್ದೋ, ಯಾರಾದರೂ ಮಾಡಿದ್ದೋ ತಿಳಿಯಲಿಲ್ಲ ಎಂದಳು. ಅದರ ಬಗ್ಗೆ ನನ್ನನ್ನು ಎರಡು ಮೂರು ಸಲ ಕೇಳಿದಳು, ಎಂಥ ಸುಟ್ಟಗಾಯ ಹೇಗಿರುತ್ತದೆ ಎಂದು. ನೋಡದೆ ಹೇಳಲಾಗುವುದಿಲ್ಲ ಎಂದೆ.

ಕಾಲಿಗೆ ಬಟ್ಟೆ ಸುತ್ತಿ ಕಟ್ಟಿದೆ. ನೀರು ತಾಗಿಸಬೇಡ, ಕೆಸರಿಗಿಳಿಯಬೇಡ ಎಂದೆ. ನಾಳೆ ಕೂಲಿಗೆ ಹೋಗಬೇಕಲ್ಲ ಎಂದಳು. ಮಗಳ ಮನೆಯ ಗದ್ದೆಯಲ್ಲಿ ಕಳೆ ಕೀಳುವುದು ಇನ್ನೂ ಬಾಕಿಯಿತ್ತು.